ಮಗುವಿನ ಮುಖದಲ್ಲಿ ಕೆಂಪು ಉಂಗುರ, ರಕ್ತ ಪರೀಕ್ಷೆ ಬರೆದಿದ್ದು ನನಗೆ. ಯಾರ ಮನೆಯಲ್ಲಾದರೂ ಹೀಗಾಗಿದೆಯಾ?

ಶಿರಾದ_ಸೊಸೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಶಿರಾ ತಾಲ್ಲೂಕು. ಮಗಳಿಗೆ ಈಗ ಏಳು ವಾರ. ಹೆರಿಗೆ ಸಲೀಸಾಗಿ ಆಯಿತು, ತೂಕ 2.8 ಕೆಜಿ ಇತ್ತು. ನನಗೆ ಅಮ್ಮ ಇಲ್ಲ, ಹಾಗಾಗಿ ಬಾಣಂತನ ಅತ್ತೆ ಮನೆಯಲ್ಲೇ. ಅತ್ತೆ ಚೆನ್ನಾಗಿಯೇ ನೋಡಿಕೊಂಡರು, ಅದರಲ್ಲಿ ಎರಡು ಮಾತಿಲ್ಲ. ದಿನಾ ಬೆಳಗ್ಗೆ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ನೀರು ಹಾಕುವುದು. ಆಮೇಲೆ ಸಾಂಬ್ರಾಣಿ ಹೊಗೆ. ಆಮೇಲೆ ಜಗುಲಿ ಮೇಲೆ ಎಳೆ ಬಿಸಿಲಿಗೆ ಹದಿನೈದು ಇಪ್ಪತ್ತು ನಿಮಿಷ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಹೀಗೇ ಅಲ್ವಾ.

ಮೂರನೇ ವಾರದಲ್ಲಿ ಎಡಗಣ್ಣಿನ ಪಕ್ಕ ಒಂದು ಕೆಂಪು ಚುಕ್ಕೆ ಕಾಣಿಸಿತು. ಸೊಳ್ಳೆ ಕಚ್ಚಿರಬೇಕು ಅಂದುಕೊಂಡೆವು. ನಾಲ್ಕೈದು ದಿನಕ್ಕೆ ಅದು ಬಳೆ ಥರ ದುಂಡಗಾಯಿತು. ಅಂಚು ಕೆಂಪಗೆ, ಸ್ವಲ್ಪ ಉಬ್ಬು, ಮೇಲೆ ಸಣ್ಣ ಹೊಟ್ಟು. ನಡುವಿನ ಚರ್ಮ ಮಾತ್ರ ತೆಳ್ಳಗೆ, ಬಿಳಿಚಿಕೊಂಡ ಹಾಗೆ. ಆಮೇಲೆ ಬಲಗಣ್ಣು, ಹಣೆ, ಕೆನ್ನೆ. ಈಗ ಎರಡೂ ಕಣ್ಣಿಗೆ ಕೆಂಪು ಕನ್ನಡಕ ಹಾಕಿದ ಹಾಗಿದೆ. ಕುಲಾವಿ ಮುಚ್ಚುವ ನೆತ್ತಿಯಲ್ಲಿ ಇರೋದು ಒಂದೇ, ಮುಖದಲ್ಲಿ ಎಂಟು. ಆಗ ಇದನ್ನು ಎಣಿಸಬೇಕು ಅಂತ ನಮಗೆ ಹೊಳೆದೇ ಇರಲಿಲ್ಲ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅತ್ತೆ, "ನಂಜು ಕಣೇ, ಬದನೆಕಾಯಿ ಬೇಡ ಅಂದ್ರೂ ತಿಂದೆ" ಅಂದರು. ಪಕ್ಕದ ಮನೆ ಅಜ್ಜಿ ಹುಳುಕಡ್ಡಿ ಅಂದರು. ಚಿಕ್ಕತ್ತೆ, "ಇದು ನಾಗರ ದೋಷ, ವಿದುರಾಶ್ವತ್ಥಕ್ಕೆ ಹೋಗಿ ಬನ್ನಿ" ಅಂದರು. ನಮ್ಮ ಯಜಮಾನರು ಮೆಡಿಕಲ್ ಸ್ಟೋರ್‌ನಲ್ಲಿ ಹುಳುಕಡ್ಡಿ ಮುಲಾಮು ತಂದರು. ಹಚ್ಚಿದ ಮೂರು ದಿನ ತಗ್ಗಿತು. ಬಿಟ್ಟ ಮೇಲೆ ಮೊದಲಿಗಿಂತ ಜಾಸ್ತಿ. ಆಮೇಲೆ ಒಂದು ಕ್ಲಿನಿಕ್‌ಗೆ ಹೋದೆವು. ಅವರು ಒಂದು ನಿಮಿಷ ನೋಡಿ ಅದೇ ಥರದ ಇನ್ನೊಂದು ಟ್ಯೂಬ್ ಬರೆದುಕೊಟ್ಟರು.

ಮೊನ್ನೆ ತುಮಕೂರಿನಲ್ಲಿ ಚರ್ಮದ ಡಾಕ್ಟರ್ ಒಬ್ಬರಿಗೆ ತೋರಿಸಿದೆವು. ಅವರು ಮಗುವನ್ನು ನೋಡಿದ್ದು ಸ್ವಲ್ಪ ಹೊತ್ತು. ಆಮೇಲೆ ಕೇಳಿದ್ದೆಲ್ಲಾ ನನ್ನನ್ನೇ. ಕಣ್ಣು ಉರಿಯುತ್ತಾ? ಬಾಯಿ ಒಣಗುತ್ತಾ? ಬಿಸಿಲಿಗೆ ಹೋದರೆ ಮುಖ ಕೆಂಪಾಗುತ್ತಾ? ಬೆಳಗ್ಗೆ ಎದ್ದಾಗ ಬೆರಳು ಹಿಡಿದುಕೊಳ್ಳುತ್ತಾ? ಮೊದಲು ಗರ್ಭ ಹೋಗಿದೆಯಾ? ಎಲ್ಲದಕ್ಕೂ ಇಲ್ಲ ಇಲ್ಲ ಅಂದೆ. ಆದರೂ ನನಗೆ ರಕ್ತ ಪರೀಕ್ಷೆ ಬರೆದರು. ಮಗುವಿಗೆ ಇಸಿಜಿ ಮತ್ತು ರಕ್ತ. "ನವಜಾತ ಲೂಪಸ್ ಇರಬಹುದು, ಗಾಬರಿ ಬೇಡ" ಅಂದರು. ಯಜಮಾನರು ಬಸ್‌ಸ್ಟ್ಯಾಂಡಿನಲ್ಲೇ ಮೊಬೈಲ್ ತೆಗೆದು ಹುಡುಕಿದರು. ಅವರ ಮುಖ ನೋಡಿ ನಾನು ಕೇಳೋದನ್ನೇ ಬಿಟ್ಟೆ.

ರಿಪೋರ್ಟ್ ನಾಳಿದ್ದು ಬರುತ್ತೆ. ಚರ್ಮಕ್ಕೆ ಬಂದಿದ್ದಕ್ಕೆ ಹೃದಯ ಯಾಕೆ ನೋಡುತ್ತಾರೆ? ನನಗೆ ಏನೂ ಇಲ್ಲದೆ ಮಗುವಿಗೆ ಹೇಗೆ ಬಂತು? ಹಾಲು ಕುಡಿಸಬಹುದಾ? ಮನೆಯಲ್ಲಿ ಒಬ್ಬರು ನಿಲ್ಲಿಸು ಅನ್ನುತ್ತಿದ್ದಾರೆ.

ಕಲ್ಪತರು_ತಿಪಟೂರು

ಅಕ್ಕಾ, ಧೈರ್ಯವಾಗಿರಿ. ನಮ್ಮ ಮಗುವಿಗೂ ತಲೆಯಲ್ಲಿ ಹೊಟ್ಟು, ಕೆಂಪು ಎಲ್ಲಾ ಬಂದಿತ್ತು. ಎಣ್ಣೆ ಹಚ್ಚಿ ಬಾಚಿದ ಮೇಲೆ ಹೋಯಿತು. ಅದೇ ಇರಬಹುದು. ಸುಮ್ನೆ ಹೆದರಿಸುತ್ತಾರೆ.

ಹುಣಸೆಮರ

ಹಸುಗೂಸಿಗೆ ಇಸಿಜಿ, ತಾಯಿಗೆ ಸಾವಿರಾರು ರೂಪಾಯಿ ಟೆಸ್ಟ್. ವ್ಯಾಪಾರ. ಬೇವಿನ ಎಲೆ ಅರಿಶಿನ ಅರೆದು ಹಚ್ಚಿ, ಬೆಳಗಿನ ಬಿಸಿಲಿಗೆ ಚೆನ್ನಾಗಿ ಹಿಡಿಯಿರಿ. ಹದಿನೈದು ದಿನ ಸಾಕು.

ಮಕ್ಕಳ_ಡಾಕ್ಟರ್_ತುಮಕೂರು

ಹುಣಸೆಮರ ಅವರೇ, ದಯವಿಟ್ಟು ಬಿಸಿಲಿನ ಸಲಹೆ ವಾಪಸ್ ತೆಗೆದುಕೊಳ್ಳಿ. ಬೇರೆ ಯಾವ ಚರ್ಮದ ತೊಂದರೆಗೆ ಏನೋ, ಇದಕ್ಕೆ ಬಿಸಿಲೇ ಶತ್ರು.

ಶಿರಾದ ತಾಯಿಗೆ: ಮಗುವನ್ನು ನೋಡದೆ ಇದೇ ಅಂತ ನಾನು ಹೇಳುವುದಿಲ್ಲ. ಆದರೆ ನೀವು ಬರೆದಿರುವ ಉಂಗುರ, ಕಣ್ಣ ಸುತ್ತ ಕನ್ನಡಕ, ಬಿಸಿಲು ಬಿದ್ದ ಕಡೆ ಜಾಸ್ತಿ, ಮೂರನೇ ವಾರಕ್ಕೆ ಶುರು, ಇದನ್ನೆಲ್ಲ ಓದಿದ ಯಾವ ಡಾಕ್ಟರಾದರೂ ತಾಯಿಯ ರಕ್ತ ನೋಡಲೇಬೇಕು. ನಿಮ್ಮ ಡಾಕ್ಟರ್ ಸರಿಯಾದ ದಾರಿಯಲ್ಲಿದ್ದಾರೆ. ಇದನ್ನು ಹುಳುಕಡ್ಡಿ ಅಂದುಕೊಳ್ಳೋದು ಬಹಳ ಸಾಮಾನ್ಯ. ಅಂಗಡಿಯಲ್ಲಿ ಕೇಳಿ ತರುವ ಹುಳುಕಡ್ಡಿ ಮುಲಾಮುಗಳಲ್ಲಿ ಎಷ್ಟೋ ಸಲ ಜೋರಾದ ಸ್ಟೀರಾಯ್ಡ್ ಸೇರಿರುತ್ತೆ. ಅದಕ್ಕೇ ಮೂರು ದಿನ ತಗ್ಗಿದ್ದು. ಹಸುಗೂಸಿನ ಮುಖಕ್ಕೆ ಅದು ಬೇಡವೇ ಬೇಡ. ಚರ್ಮ ಇನ್ನೂ ತೆಳ್ಳಗಾಗುತ್ತೆ, ಔಷಧ ಮೈಗೂ ಸೇರುತ್ತೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ನಿಮ್ಮ ತಾಯಿ ಕಾರ್ಡ್ ತೆಗೆದು ನೋಡಿ. ಬಸುರಿಯಲ್ಲಿ ಧನುರ್ವಾಯು ಇಂಜೆಕ್ಷನ್ ಕೊಟ್ಟ ತಾರೀಖು ಅದರಲ್ಲಿದೆ. ಚುಚ್ಚಿದ್ದು ನಿಮ್ಮ ತೋಳಿಗೆ. ಆದರೆ ಹುಟ್ಟಿದ ಮಗುವಿಗೂ ಧನುರ್ವಾಯು ಬಾರದ ಹಾಗೆ ಅದೇ ಕಾಯುತ್ತೆ. ಹೇಗೆ? ನಿಮ್ಮ ಮೈಯಲ್ಲಿ ತಯಾರಾದ ಪ್ರತಿಕಾಯಗಳು, ಅಂದರೆ ಆಂಟಿಬಾಡಿಗಳು, ಮಾಸಿನ ಮೂಲಕ ಮಗುವಿಗೆ ದಾಟುತ್ತವೆ. ನಾಲ್ಕನೇ ತಿಂಗಳ ಹೊತ್ತಿಗೆ ಸ್ವಲ್ಪ ಸ್ವಲ್ಪ ಶುರುವಾಗಿ, ಕೊನೆಯ ಮೂರು ತಿಂಗಳಲ್ಲಿ ಧಾರಾಳವಾಗಿ. ಮಗುವಿಗೆ ತನ್ನದೇ ಕಾವಲು ಇನ್ನೂ ಇಲ್ಲ, ಅದಕ್ಕೆ ಅಮ್ಮ ಬುತ್ತಿ ಕಟ್ಟಿ ಕಳಿಸುತ್ತಾಳೆ. ಈ ದಾರಿ ಒಳ್ಳೇದು ಕೆಟ್ಟದ್ದು ಅಂತ ಆರಿಸುವುದಿಲ್ಲ. ಕೆಲವು ಹೆಂಗಸರ ರಕ್ತದಲ್ಲಿ ಆಂಟಿ-ರೋ, ಆಂಟಿ-ಲಾ ಅನ್ನುವ ಪ್ರತಿಕಾಯಗಳಿರುತ್ತವೆ. ಇವು ರೋಗಾಣುವಿನ ಮೇಲಲ್ಲ, ತನ್ನದೇ ಜೀವಕೋಶದ ಮೇಲೆ ತಿರುಗಿಬಿದ್ದವು. ಬುತ್ತಿಯ ಜೊತೆಗೆ ಇವೂ ದಾಟುತ್ತವೆ. ಹೀಗೆ ದಾಟಿ ಮಗುವಿಗೆ ಆಗುವ ತೊಂದರೆಗೇ ನವಜಾತ ಲೂಪಸ್ ಅನ್ನೋದು.

ಚರ್ಮದ ಕತೆ ಸುಲಭ. ದಾಟಿಬಂದದ್ದು ಸುಮಾರು ಮೂರು ವಾರಕ್ಕೊಮ್ಮೆ ಅರ್ಧ ಆಗುತ್ತಾ ಹೋಗುತ್ತೆ. ಆರು ತಿಂಗಳಿಗೆ ಎಂಟು ಸಲ ಅರ್ಧ. ನೂರು ರೂಪಾಯಿ ಇದ್ದದ್ದು ನಲವತ್ತು ಪೈಸೆಗೆ ಇಳಿದ ಹಾಗೆ. ಅದರ ಜೊತೆ ಉಂಗುರಗಳೂ ಹೋಗುತ್ತವೆ, ಹೆಚ್ಚಿನ ಮಕ್ಕಳಿಗೆ 6 ರಿಂದ 8 ತಿಂಗಳೊಳಗೆ. ಕೆಲವರಿಗೆ ಸಣ್ಣ ರಕ್ತನಾಳದ ಗೆರೆಯೋ ಬಣ್ಣದ ಮಚ್ಚೆಯೋ ಉಳಿಯಬಹುದು.

ಹೃದಯದ ಕತೆ ಬೇರೆ. ಹೃದಯಕ್ಕೆ ಬಡಿ ಅಂತ ಹೇಳುವ ಒಂದು ವೈರಿಂಗ್ ಇದೆ. ಹೊಟ್ಟೆಯಲ್ಲಿದ್ದಾಗಲೇ ಈ ಪ್ರತಿಕಾಯಗಳು ಕೆಲವು ಮಕ್ಕಳಲ್ಲಿ ಆ ವೈರಿಂಗನ್ನು ಕೆಡಿಸುತ್ತವೆ. ಚರ್ಮ ಹೊಸದಾಗಿ ಹುಟ್ಟುತ್ತೆ, ಸುಟ್ಟ ವೈರು ಹುಟ್ಟುವುದಿಲ್ಲ. ಆಂಟಿ-ರೋ ಇರುವ ತಾಯಂದಿರ ನೂರು ಮಕ್ಕಳಲ್ಲಿ ಒಂದೋ ಎರಡೋ ಮಗುವಿಗೆ ಹೀಗಾಗುತ್ತೆ. ನಿಮ್ಮ ಮಗು ಹಾಲು ಕುಡಿದು, ತೂಕ ಏರಿಸಿಕೊಂಡು ಆರಾಮಾಗಿದೆ ಅಂದರೆ ಬಹುಶಃ ಸರಿಯಾಗಿಯೇ ಇರುತ್ತೆ, ಆದರೆ ಬಹುಶಃ ಅಂತ ಬಿಡಬಾರದು. ಐದು ನಿಮಿಷದ ಇಸಿಜಿ, ನೋವಿಲ್ಲ. ರಕ್ತ ನೋಡುವುದು ಪ್ಲೇಟ್‌ಲೆಟ್ ಮತ್ತು ಲಿವರ್‌ಗಾಗಿ, ಅವೂ ಸ್ವಲ್ಪ ದಿನ ಏರುಪೇರಾಗಬಹುದು.

ಹಾಲು ನಿಲ್ಲಿಸಬೇಡಿ. ದಾಟಿದ್ದು ಮಾಸಿನ ಮೂಲಕ, ಹಾಲಿನಿಂದ ಅಲ್ಲ. ಲಸಿಕೆಯನ್ನೂ ನಿಲ್ಲಿಸಬೇಡಿ. ಬಿಸಿಲು ಮಾತ್ರ ಇವತ್ತಿಂದಲೇ ಬಂದ್. ಕಿಟಕಿ ಗಾಜಿನ ಮೂಲಕ ಬೀಳುವ ಬಿಸಿಲೂ ಲೆಕ್ಕಕ್ಕೆ ಬರುತ್ತೆ. ಕಾಮಾಲೆಗೆ ನೀಲಿ ಲೈಟಿನ ಕೆಳಗೆ ಇಟ್ಟ ಮೇಲೆ ಇದು ಎದ್ದ ಮಕ್ಕಳೂ ಇದ್ದಾರೆ. ನಿಮ್ಮ ಮಗುವಿಗೆ ಲೈಟ್ ಇಟ್ಟಿದ್ದರೆ ಅದನ್ನೂ ಡಾಕ್ಟರ್‌ಗೆ ಹೇಳಿ.

ಪಾವಗಡ_ಬಿಸಿಲು

ಡಾಕ್ಟರೇ, ನಮ್ಮೂರಲ್ಲಿ ಬಿಸಿಲು ಹಿಡಿದು 2,050 ಮೆಗಾವ್ಯಾಟ್ ಕರೆಂಟ್ ಮಾಡುತ್ತಾರೆ. ಇಲ್ಲಿ ಬಿಸಿಲು ತಪ್ಪಿಸಿ ಅಂದರೆ ಮಂಚದ ಕೆಳಗೇ ಇಡಬೇಕು. ತಮಾಷೆ ಬಿಡಿ, ಎಳೆ ಬಿಸಿಲು ಬೀಳದಿದ್ದರೆ ಮೂಳೆ ಗಟ್ಟಿ ಆಗಲ್ಲ ಅಂತಾರಲ್ಲ?

ಮಕ್ಕಳ_ಡಾಕ್ಟರ್_ತುಮಕೂರು

ಅದಕ್ಕೆ ವಿಟಮಿನ್ ಡಿ ಹನಿ ಇದೆ. ದಿನಕ್ಕೆ 400 ಯೂನಿಟ್. ಲೂಪಸ್ ಇರಲಿ ಬಿಡಲಿ, ಎಲ್ಲ ಹಸುಗೂಸಿಗೂ ಒಂದು ವರ್ಷ ತುಂಬುವವರೆಗೆ ಕೊಡಬೇಕಾದದ್ದೇ. ಸನ್‌ಸ್ಕ್ರೀನ್ ಆರು ತಿಂಗಳೊಳಗೆ ಬಳಸುವ ರೂಢಿ ಇಲ್ಲ. ಕುಲಾವಿ, ತುಂಬು ತೋಳಿನ ಹತ್ತಿ ಬಟ್ಟೆ, ನೆರಳು, ಇಷ್ಟೇ.

ಶಿರಾದ_ಸೊಸೆ

ರಿಪೋರ್ಟ್ ಬಂತು. ನನಗೆ ಆಂಟಿ-ರೋ ಜೋರಾಗಿ ಪಾಸಿಟಿವ್, ಆಂಟಿ-ಲಾ ಕೂಡ. ಮಗುವಿನ ಇಸಿಜಿ ನಾರ್ಮಲ್. ಇದನ್ನು ಬರೆಯುವಾಗಲೂ ಕೈ ನಡುಗುತ್ತಿದೆ. ಪ್ಲೇಟ್‌ಲೆಟ್ 1 ಲಕ್ಷ 10 ಸಾವಿರ ಇದೆಯಂತೆ, ಕಮ್ಮಿ, ಎರಡು ವಾರ ಬಿಟ್ಟು ಮತ್ತೆ ನೋಡೋಣ ಅಂದರು. ನನ್ನ ಟೆಸ್ಟಿಗೆ ನಾಲ್ಕು ಸಾವಿರದ ಹತ್ತಿರ ಆಯಿತು. ಹುಣಸೆಮರ ಅವರಿಗೆ ಹೇಳಿದ್ದು.

ಒಂದು ಮಾತು ಹೇಳಲೇಬೇಕು. ಬಾಯಿ ಒಣಗುತ್ತಾ ಅಂತ ಕೇಳಿದಾಗ ಇಲ್ಲ ಅಂದಿದ್ದೆ. ಮನೆಗೆ ಬಂದು ಯೋಚನೆ ಮಾಡಿದೆ. ನಮ್ಮ ಮನೆಯಲ್ಲಿ ಎರಡು ಹೊತ್ತೂ ಮುದ್ದೆ. ಮುದ್ದೆ ಅಗಿಯುವ ಹಾಗಿಲ್ಲ, ಸಾರಿನಲ್ಲಿ ಅದ್ದಿದರೆ ತಾನೇ ಜಾರುತ್ತೆ. ಒಣ ಚಪಾತಿ, ಬ್ರೆಡ್ಡು, ಹುರಿಗಡಲೆ ಇವನ್ನೆಲ್ಲ ನಾನು ತಿನ್ನೋದು ಬಿಟ್ಟು ಮೂರು ವರ್ಷ ಆಗಿದೆ. ಯಾಕೆ ಬಿಟ್ಟೆ ಅಂತ ಯಾವತ್ತೂ ಕೇಳಿಕೊಂಡಿರಲಿಲ್ಲ. ರಾತ್ರಿ ತಲೆದಿಂಬಿನ ಪಕ್ಕ ಚೊಂಬು ನೀರು ಇಲ್ಲದೆ ಮಲಗಲ್ಲ. ಕಣ್ಣಲ್ಲಿ ಮರಳು ಬಿದ್ದ ಹಾಗೆ ಆಗುತ್ತಿತ್ತು, ಸೌದೆ ಒಲೆ ಹೊಗೆ ಅಂದುಕೊಂಡಿದ್ದೆ. ಗ್ಯಾಸ್ ಬಂದು ಎಷ್ಟು ವರ್ಷ ಆಯಿತು!

ಈಗ ಕಷ್ಟ ಇರೋದು ಮನೆಯಲ್ಲಿ. ಚಿಕ್ಕತ್ತೆ ಎಲ್ಲರ ಎದುರಿಗೆ, "ಅಮ್ಮನ ರಕ್ತ ಕೆಟ್ಟಿದೆ, ಅದಕ್ಕೇ ಮಗುಗೆ ಹಿಂಗಾಯ್ತು" ಅಂದುಬಿಟ್ಟರು. ಅತ್ತೆ ಏನೂ ಹೇಳಲಿಲ್ಲ. ಏನೂ ಹೇಳದೆ ಎದ್ದುಹೋದದ್ದೇ ನನಗೆ ಜಾಸ್ತಿ ನೋವಾಯಿತು.

ರೇಷ್ಮೆಗೂಡು, ಶಿಡ್ಲಘಟ್ಟ

ಓದಿ ಕಣ್ಣಲ್ಲಿ ನೀರು ಬಂತು ಅಕ್ಕ. ನನಗೆ ಲೂಪಸ್ ಇದೆ, ಮೈಯ ಕಾವಲೇ ಮೈ ಮೇಲೆ ತಿರುಗಿಬೀಳುವ ಕಾಯಿಲೆ, ಒಂಬತ್ತು ವರ್ಷ ಆಯಿತು. ಮದುವೆಗೆ ಮೊದಲೇ ಹುಡುಗನ ಮನೆಗೆ ಹೇಳಿದ್ದೆವು. ಎರಡು ಸಂಬಂಧ ಅದರಿಂದಲೇ ತಪ್ಪಿತು, ಮೂರನೆಯವರು ಒಪ್ಪಿದರು. ಇಷ್ಟಾದರೂ ಮಗನಿಗೆ ಜ್ವರ ಬಂದರೂ ನನ್ನ ಕಡೆಯೇ ನೋಡುತ್ತಾರೆ. ನೀವು ಬೇಕು ಅಂತ ಮಾಡಿದ್ದಾ? ನಿಮಗೆ ಗೊತ್ತೇ ಇರಲಿಲ್ಲ.

ನನ್ನ ಮಗನಿಗೆ ಏನೂ ಆಗಲಿಲ್ಲ, ಇದನ್ನೂ ಬರೆಯುತ್ತಿದ್ದೇನೆ. ನನಗೂ ಆಂಟಿ-ರೋ ಇದೆ. ಬಸುರಿಯಲ್ಲಿ ಎಚ್‌ಸಿಕ್ಯೂ ಅನ್ನುವ ಲೂಪಸ್ ಮಾತ್ರೆ ನಿಲ್ಲಿಸಲಿಲ್ಲ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಎರಡು ವಾರಕ್ಕೊಮ್ಮೆ ಹೋಗಿ ಮಗುವಿನ ಹೃದಯದ ಸ್ಕ್ಯಾನ್ ಮಾಡಿಸಿದೆವು. ಹೋಗಿ ಬಂದು ಸಾಕಾಗುತ್ತಿತ್ತು. ಗೂಡು ಮಾರುವ ಸಮಯದಲ್ಲಂತೂ ಯಜಮಾನರಿಗೆ ಮಾರ್ಕೆಟ್ಟಿಗೆ ಹೋಗೋದಾ ನನ್ನ ಜೊತೆ ಬರೋದಾ ಅಂತ ಒದ್ದಾಟ. ಆದರೂ ಪ್ರತಿ ಸಲ ಆ ಲಬ್‌ಡಬ್ ಕೇಳಿದಾಗ ಬಸ್ಸಿನ ಸುಸ್ತು ಹೋಗುತ್ತಿತ್ತು.

ಮಕ್ಕಳ_ಡಾಕ್ಟರ್_ತುಮಕೂರು

ಇದೇ ಸರಿಯಾದ ಕ್ರಮ. ಗೊತ್ತಿದ್ದವರಿಗೆ 16-18ನೇ ವಾರದಿಂದ 26ನೇ ವಾರದವರೆಗೆ ಮಗುವಿನ ಹೃದಯ ನೋಡುತ್ತಾರೆ. ವೈರಿಂಗ್ ಕೆಡುವುದು ಹೆಚ್ಚಾಗಿ ಆ ಅವಧಿಯಲ್ಲೇ.

ಶಿರಾದ ತಾಯಿಗೆ: ಮನೆಯಲ್ಲಿ ಲೂಪಸ್, ಆಂಟಿ-ರೋ ಅಂತ ಶುರು ಮಾಡಬೇಡಿ. ತಾಯಿ ಕಾರ್ಡ್ ತೆಗೆದುಕೊಂಡು ಅತ್ತೆಯವರ ಪಕ್ಕ ಕೂತು ಧನುರ್ವಾಯು ಇಂಜೆಕ್ಷನ್ನಿಂದ ಶುರು ಮಾಡಿ. ಇನ್ನೊಂದು ವಿಷಯ. ಇಂಥ ಮಕ್ಕಳ ತಾಯಂದಿರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಹೆರಿಗೆವರೆಗೂ ತಮಗೇನಾದರೂ ಇದೆ ಅಂತ ಗೊತ್ತಿರುವುದಿಲ್ಲ. ಮಗುವಿನ ಮುಖ ನೋಡಿದ ಮೇಲೇ ಅಮ್ಮನ ಕಾಯಿಲೆ ಪತ್ತೆ. ನೀವು ಬರೆದಿರುವ ಒಣ ಬಾಯಿ, ಮರಳು ಕಣ್ಣು ಶೋಗ್ರೆನ್ಸ್ ಅನ್ನುವ ಕಾಯಿಲೆಯ ಲಕ್ಷಣ ಇರಬಹುದು. ಇಂಥ ಕಾಯಿಲೆ ನೋಡುವ ರೂಮಟಾಲಜಿಸ್ಟ್ ಹತ್ತಿರ ಒಮ್ಮೆ ತೋರಿಸಿ. ಎಲ್ಲರೂ ಮಗುವಿನ ಹಿಂದೆ ಓಡಿ ತಾಯಿಯನ್ನು ಮರೆತುಬಿಡುತ್ತಾರೆ, ನಾವು ಡಾಕ್ಟರುಗಳೂ ಸೇರಿ.

ಹುಣಸೆಮರ

ಬಿಸಿಲಿನ ಮಾತು ವಾಪಸ್. ಗೊತ್ತಿರಲಿಲ್ಲ. ಅರಿಶಿನ ಮಾತ್ರ ಕೆಟ್ಟದ್ದಲ್ಲ ಅಂತ ಈಗಲೂ ಹೇಳುತ್ತೇನೆ.

ಮಕ್ಕಳ_ಡಾಕ್ಟರ್_ತುಮಕೂರು

ಸಾರಿಗೆ ಹಾಕಿ ಸರ್. ಕಣ್ಣಿನ ಪಕ್ಕ ಬೇಡ.

ಕೋಲಾರದ_ಅಪ್ಪ

ನಾನು ಸಾಮಾನ್ಯವಾಗಿ ಓದಿ ಸುಮ್ಮನಾಗುತ್ತೇನೆ. ಇವತ್ತು ಬರೆಯುತ್ತೇನೆ.

ನಮ್ಮದು ಮುಳಬಾಗಿಲು ಕಡೆ. ನಮ್ಮ ಮೊದಲನೇ ಮಗು ಆ ನೂರಕ್ಕೆ ಒಂದೆರಡರಲ್ಲಿ ಸೇರಿದ್ದು. ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಮಾಡುತ್ತಿದ್ದವರು ಕೈ ನಿಲ್ಲಿಸಿದರು. ಪರದೆ ಮೇಲೆ ನಂಬರ್ 58 ಅಂತ ಇತ್ತು. ಹೊಟ್ಟೆಯಲ್ಲಿರುವ ಮಗುವಿಗೆ 120ರಿಂದ 160 ಇರಬೇಕು ಅಂತ ನಮಗೆ ಆವತ್ತೇ ಗೊತ್ತಾಗಿದ್ದು. ನನ್ನ ಹೆಂಡತಿ, "ನಿಧಾನಕ್ಕೆ ಹೊಡ್ಕೊಂಡ್ರೆ ಒಳ್ಳೇದಲ್ವಾ, ಶಾಂತವಾಗಿದೆ" ಅಂದಳು. ಯಾರೂ ಉತ್ತರ ಕೊಡಲಿಲ್ಲ.

ಹೆಂಡತಿಗೆ ಅಲ್ಲಿಯವರೆಗೆ ಒಂದು ತಲೆನೋವೂ ಇರಲಿಲ್ಲ. ರಕ್ತ ನೋಡಿದರೆ ಆಂಟಿ-ರೋ. ಆಮೇಲೆ ಬೆಂಗಳೂರೇ ಮನೆ. ಸಿಸೇರಿಯನ್ ಆಯಿತು. ಮಗುವಿಗೆ ಪೇಸ್‌ಮೇಕರ್ ಹಾಕಿದರು. ಅಷ್ಟು ಸಣ್ಣ ಮಗುವಿಗೆ ಎದೆಯಲ್ಲಿ ಜಾಗ ಇರಲ್ಲ, ಹೊಟ್ಟೆಯ ಚರ್ಮದ ಕೆಳಗೆ ಡಬ್ಬಿ ಇಟ್ಟು ಹೃದಯಕ್ಕೆ ವೈರು ಕೊಡುತ್ತಾರೆ. ಸ್ನಾನ ಮಾಡಿಸುವಾಗ ಕೈಗೆ ಗಟ್ಟಿ ಸಿಗುತ್ತೆ, ಬೆಂಕಿಪೊಟ್ಟಣದ ಹಾಗೆ. ಈಗ ಮಗನಿಗೆ ಆರು ವರ್ಷ. ಶಾಲೆಗೆ ಹೋಗುತ್ತಾನೆ, ಮಾವಿನ ತೋಪಿನಲ್ಲಿ ಓಡುತ್ತಾನೆ. ಬ್ಯಾಟರಿ ಮುಗಿದಾಗ ಬದಲಾಯಿಸಬೇಕು, ಅದು ಜೀವನಪೂರ್ತಿ ಇರೋದೇ. ಇವನಿಗೆ ಮುಖದಲ್ಲಿ ಒಂದು ಚುಕ್ಕೆಯೂ ಬಂದಿರಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಮುಖದಲ್ಲಿ ಬಂದು ತಿಳಿಸಿಕೊಂಡ ನಿಮ್ಮ ಮಗಳು ಜಾಣೆ.

ಎರಡನೇ ಮಗು ಬೇಕಾ ಬೇಡವಾ ಅಂತ ನಮ್ಮ ಮನೆಯಲ್ಲಿ ಎರಡು ವರ್ಷ ಮಾತಾಯಿತು. ಮೊದಲ ಮಗುವಿಗೆ ಹೃದಯದ ತೊಂದರೆ ಇದ್ದರೆ ಮುಂದಿನದಕ್ಕೂ ಬರುವುದು ನೂರಕ್ಕೆ ಹದಿನೆಂಟರ ಹತ್ತಿರ ಅಂದರು. ಹೆಂಡತಿ, "ಎಂಬತ್ತೆರಡು ಏನೂ ಆಗಲ್ಲ ಅಂತ ತಾನೆ" ಅಂದಳು. ಅವಳದು ಯಾವಾಗಲೂ ಹೀಗೇ. ಗರ್ಭ ನಿಂತ ಕೂಡಲೇ ಮಾತ್ರೆ ಶುರು ಮಾಡಿದರು, ವಾರ ವಾರ ಸ್ಕ್ಯಾನ್. ಮಗಳು ಹುಟ್ಟಿದಳು, 142 ಬಡಿತ. ಆ ನಂಬರ್ ನಾನು ಯಾವತ್ತೂ ಮರೆಯಲ್ಲ.

ಮಕ್ಕಳ_ಡಾಕ್ಟರ್_ತುಮಕೂರು

ಕೋಲಾರದ ಅಪ್ಪ ಬರೆದ ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್, ಅದೇ ಎಚ್‌ಸಿಕ್ಯೂ. ಮೂಲದಲ್ಲಿ ಮಲೇರಿಯಾ ಮಾತ್ರೆಯ ಜಾತಿ. 2020ರಲ್ಲಿ ಪ್ಯಾಚ್ ಅನ್ನುವ ಅಧ್ಯಯನ ಪ್ರಕಟವಾಯಿತು. ಇಂಥ ಮಗು ಮೊದಲು ಹುಟ್ಟಿದ್ದ ತಾಯಂದಿರಿಗೆ 10ನೇ ವಾರದೊಳಗೆ ಶುರು ಮಾಡಿ ದಿನಕ್ಕೆ 400 ಮಿಲಿಗ್ರಾಂ ಕೊಟ್ಟರು. ನೂರಕ್ಕೆ 18ರ ಹತ್ತಿರ ಮರುಕಳಿಸುತ್ತಿದ್ದದ್ದು 7.4ಕ್ಕೆ ಇಳಿಯಿತು. ಬಸುರಿಯಲ್ಲೂ ಹಾಲು ಕುಡಿಸುವಾಗಲೂ ಬಳಸಬಹುದಾದ ಔಷಧ ಇದು. ಯಾರೂ ಇದನ್ನು ಓದಿ ತಾವೇ ಅಂಗಡಿಯಲ್ಲಿ ಕೊಂಡು ನುಂಗಬೇಡಿ. ಕಣ್ಣು ನೋಡಬೇಕು, ತೂಕ ನೋಡಿ ಪ್ರಮಾಣ ಹೇಳಬೇಕು.

ಮೊದಲ ಮಗುವಿಗೆ ಚರ್ಮಕ್ಕೆ ಮಾತ್ರ ಬಂದಿದ್ದರೂ ಮುಂದಿನ ಬಸುರಿಯಲ್ಲಿ ಹೃದಯದ ಅಪಾಯ ನೂರಕ್ಕೆ ಹತ್ತು ದಾಟುತ್ತೆ. ಅಂದರೆ ಶಿರಾದ ಅಕ್ಕನೂ ಮುಂದಿನ ಸಲ ಮೊದಲೇ ಡಾಕ್ಟರ್ ಹತ್ತಿರ ಹೋಗಬೇಕು. "ಮೊದಲನೇದು ತಾನೇ ವಾಸಿಯಾಯಿತಲ್ಲ" ಅಂತ ಬಿಡುವ ಹಾಗಿಲ್ಲ.

ಚಿಂತಾಮಣಿ_ಟೊಮೆಟೊ

ಹಾಗಾದರೆ ಎಲ್ಲ ಗರ್ಭಿಣಿಯರಿಗೂ ಈ ಟೆಸ್ಟ್ ಮಾಡಿಸಿಬಿಡಬಹುದಲ್ಲ? ತಾಯಿ ಕಾರ್ಡ್‌ನಲ್ಲಿ ಇನ್ನೊಂದು ಕಾಲಂ.

ಮಕ್ಕಳ_ಡಾಕ್ಟರ್_ತುಮಕೂರು

ಎಲ್ಲರಿಗೂ ಮಾಡುವ ಪದ್ಧತಿ ಇಲ್ಲ. ಲೂಪಸ್, ಶೋಗ್ರೆನ್ಸ್ ಇರುವವರು, ಅದರ ಲಕ್ಷಣ ಇರುವವರು, ಹಿಂದಿನ ಮಗುವಿಗೆ ಹೀಗಾದವರು, ಸ್ಕ್ಯಾನ್‌ನಲ್ಲಿ ಬಡಿತ ನಿಧಾನ ಕಂಡವರು, ಇವರಿಗೆ ಬೇಕೇ ಬೇಕು. ಇನ್ನೊಂದು ಕಿವಿಮಾತು: ಬರೀ ಎಎನ್‌ಎ ಅನ್ನುವ ರಕ್ತ ಪರೀಕ್ಷೆ ಮಾಡಿಸಿ ನೆಗೆಟಿವ್ ಬಂತು ಅಂತ ಸುಮ್ಮನಾಗಬೇಡಿ. ಕೆಲವು ಸಲ ಅದು ನೆಗೆಟಿವ್ ಇದ್ದರೂ ಆಂಟಿ-ರೋ ಇರುತ್ತೆ. ಅದನ್ನು ಬೇರೆಯಾಗಿ ಕೇಳಿ ಮಾಡಿಸಬೇಕು.

ಶ್ರೀನಿವಾಸಪುರ_ತಂಗಿ

ನಮ್ಮ ಅಕ್ಕನದು ಬೇರೆ ಥರ. ಅವಳಿಗೆ ಪೆಂಫಿಗಸ್ ಇತ್ತು, ಬಾಯಲ್ಲಿ ಹುಣ್ಣು, ಮೈಮೇಲೆ ನೀರುಗುಳ್ಳೆ. ಮಗು ಹುಟ್ಟಿದಾಗಲೇ ಬೆನ್ನು ತೊಡೆ ಮೇಲೆ ಚರ್ಮ ಸುಲಿದ ಹಾಗೆ ಇತ್ತು. ಸೂಲಗಿತ್ತಿ ಅಜ್ಜಿ "ಬಿಸಿನೀರು ಬಿದ್ದಿದ್ಯಾ" ಅಂತ ನರ್ಸ್ ಜೊತೆ ಜಗಳಕ್ಕೇ ಹೋದರು. ಮೂರು ವಾರದಲ್ಲಿ ಒಣಗಿ ಹೋಯಿತು. ಒಂದು ಕಲೆಯೂ ಇಲ್ಲ. ಇದೂ ಅದೇ ಜಾತಿಯಾ?

ಮಕ್ಕಳ_ಡಾಕ್ಟರ್_ತುಮಕೂರು

ದಾರಿ ಅದೇ, ಪ್ರತಿಕಾಯ ಬೇರೆ. ಪೆಂಫಿಗಸ್‌ನಲ್ಲಿ ಚರ್ಮದ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸುವ ಗೋಂದಿನ ಮೇಲೆ ದಾಳಿ. ಇದರಲ್ಲಿ ಮಗುವಿನದು ಎರಡು ಮೂರು ವಾರದಲ್ಲಿ ವಾಸಿಯಾಗುತ್ತೆ, ಹೃದಯದ ಭಯ ಇಲ್ಲ. ಗುಳ್ಳೆ ಒಡೆದ ಜಾಗಕ್ಕೆ ಸೋಂಕು ತಗುಲದ ಹಾಗೆ ನೋಡಿಕೊಂಡರೆ ಸಾಕು. ಇನ್ನೊಂದು ಇದೆ, ಬಸುರಿಯಲ್ಲೇ ಹೊಕ್ಕುಳ ಸುತ್ತ ವಿಪರೀತ ನವೆ, ಆಮೇಲೆ ಗುಳ್ಳೆ. ಅಂಥ ತಾಯಂದಿರ ಹತ್ತು ಮಕ್ಕಳಲ್ಲಿ ಒಂದಕ್ಕೆ ಸ್ವಲ್ಪ ಗುಳ್ಳೆ ಕಾಣಿಸಿ, ತಾನಾಗೇ ಹೋಗುತ್ತೆ. ಬಸುರಿಗೆ ನವೆ ಸಹಜ ಅಂತ ಎಲ್ಲರೂ ಹೇಳುತ್ತಾರೆ, ಗುಳ್ಳೆ ಎದ್ದರೆ ಸಹಜ ಅಲ್ಲ.

ಶಿರಾದ_ಸೊಸೆ

ನಾಲ್ಕೂವರೆ ತಿಂಗಳಾಯಿತು. ಪ್ಲೇಟ್‌ಲೆಟ್ ಸರಿಹೋಯಿತು. ಹೊಸ ಉಂಗುರ ಬಂದಿಲ್ಲ, ಹಳೆಯವು ಮಸುಕಾಗುತ್ತಿವೆ. ಡಾಕ್ಟರ್ ಕೊಟ್ಟಿದ್ದು ಒಂದು ಸೌಮ್ಯ ಮುಲಾಮು, ಅದೂ ಕೆಲವೇ ದಿನ. ಉಳಿದದ್ದೆಲ್ಲಾ ನೆರಳು.

ಅತ್ತೆಯ ವಿಷಯ ಹೇಳಬೇಕು. ತಾಯಿ ಕಾರ್ಡ್ ಹಿಡಿದುಕೊಂಡೇ ಕೂತೆ. ಇಂಜೆಕ್ಷನ್ ಕತೆ ಹೇಳಿದೆ. ಅತ್ತೆ ತುಂಬಾ ಹೊತ್ತು ಕಾರ್ಡ್ ತಿರುಗಿಸಿ ನೋಡಿದರು. ಆಮೇಲೆ, "ಹಂಗಾದ್ರೆ ನಾನು ಹೆತ್ತಾಗ ಈ ಸೂಜಿ ಹಾಕಿರ್ಲಿಲ್ಲ. ನನ್ನ ಎರಡನೇ ಕೂಸು ಎಂಟು ದಿನಕ್ಕೆ ಬಿಗ್ಕೊಂಡು ಹೋಯ್ತು" ಅಂದರು. ನನಗೆ ಆ ಕೂಸಿನ ವಿಷಯವೇ ಗೊತ್ತಿರಲಿಲ್ಲ. ಮದುವೆಯಾಗಿ ಐದು ವರ್ಷ, ಯಾರೂ ಹೇಳಿರಲಿಲ್ಲ. ಆಗ ಅವರ ಅತ್ತೆ ಏನಂದಿದ್ದರು ಅಂತ ಕೇಳಿದೆ. "ನಿನ್ನ ಹಾಲು ಕೆಟ್ಟದ್ದು ಅಂದ್ರು" ಅಂದರು.

ಆಮೇಲೆ ಅವರೇ ಎದ್ದು ಜಗುಲಿಯ ಬಿಸಿಲು ಬರುವ ಕಡೆಗೆ ತಮ್ಮ ಹಳೇ ಸೀರೆ ಕಟ್ಟಿದರು. ಚಿಕ್ಕತ್ತೆ ಬಂದು ಇದೇನು ಅಂದಾಗ ಅತ್ತೆ ಕೊಟ್ಟ ಉತ್ತರ ಇಲ್ಲಿ ಬರೆಯುವ ಹಾಗಿಲ್ಲ.

ರೇಷ್ಮೆಗೂಡು, ಶಿಡ್ಲಘಟ್ಟ

ನಿಮ್ಮ ಅತ್ತೆಗೆ ನನ್ನ ನಮಸ್ಕಾರ ಹೇಳಿ.

ಕಲ್ಪತರು_ತಿಪಟೂರು

ನಾನು ಮೊದಲು "ಸುಮ್ನೆ ಹೆದರಿಸುತ್ತಾರೆ" ಅಂತ ಬರೆದಿದ್ದೆ. ಅದನ್ನು ಅಳಿಸೋಣ ಅಂತ ಬಂದೆ, ಆಮೇಲೆ ಬೇಡ ಅನಿಸಿತು. ಇರಲಿ, ನನ್ನ ಹಾಗೆ ಅಂದುಕೊಳ್ಳುವವರು ಓದಲಿ. ನಮ್ಮ ಮಗುವಿನದು ತಲೆಯ ಜಿಡ್ಡು ಹೊಟ್ಟು ಅಷ್ಟೇ, ಹಳದಿಯಾಗಿತ್ತು, ಉಂಗುರ ಇರಲಿಲ್ಲ.

ಶಿರಾದ_ಸೊಸೆ

ಎಂಟು ತಿಂಗಳು ತುಂಬಿತು. ರಾಗಿ ಸರಿ ತಿನ್ನುತ್ತಾಳೆ, ಅರ್ಧ ಬಾಯಿಗೆ ಅರ್ಧ ಕುಲಾವಿಗೆ. ಉಂಗುರಗಳೆಲ್ಲಾ ಹೋಗಿವೆ. ಎಡಗಣ್ಣಿನ ಪಕ್ಕ, ಮೊದಲ ಚುಕ್ಕೆ ಎದ್ದ ಜಾಗದಲ್ಲಿ, ಕೆಂಪು ದಾರದ ಎಳೆ ಥರ ಒಂದು ಸಣ್ಣ ನಾಳ ಉಳಿದಿದೆ. ಅತ್ತಾಗ ಮಾತ್ರ ಎದ್ದು ಕಾಣುತ್ತೆ.

ನನಗೆ ಶೋಗ್ರೆನ್ಸ್ ಅಂತ ಖಚಿತ ಮಾಡಿದರು. ಕಣ್ಣು ಪರೀಕ್ಷೆ ಮಾಡಿಸಿ ಎಚ್‌ಸಿಕ್ಯೂ ಶುರು ಮಾಡಿದ್ದಾರೆ, ಕಣ್ಣಿಗೆ ಹನಿ ಬೇರೆ. ಮೂರು ವರ್ಷದ ಮೇಲೆ ಮೊನ್ನೆ ಹುರಿಗಡಲೆ ತಿಂದೆ. ಪಕ್ಕದಲ್ಲಿ ನೀರು ಇಟ್ಟುಕೊಂಡೇ ತಿಂದೆ, ಆದರೂ ತಿಂದೆ.

ಚಿಕ್ಕತ್ತೆ ಹರಕೆ ಹೊತ್ತಿದ್ದರಂತೆ, ಯಾರಿಗೂ ಹೇಳದೆ. ಹಾಗಾಗಿ ಕಳೆದ ಸೋಮವಾರ ಎಲ್ಲರೂ ವಿದುರಾಶ್ವತ್ಥಕ್ಕೆ ಹೋಗಿ ಬಂದೆವು. ನಾಗರಕಲ್ಲುಗಳ ಸಾಲಿನಲ್ಲಿ ಅತ್ತೆ ಮುಂದೆ, ಮಗು ಅವರ ಸೊಂಟದ ಮೇಲೆ, ಹಿಂದೆ ಚಿಕ್ಕತ್ತೆ ಕೊಡೆ ಹಿಡಿದುಕೊಂಡು. ಪ್ರದಕ್ಷಿಣೆ ಹಾಕುವಾಗ ಕೊಡೆ ಒಂದು ಚೂರು ವಾಲಿತು. "ಬಿಸಿಲು ಬೀಳ್ತಾ ಇದೆ, ಸರಿಯಾಗಿ ಹಿಡಿಯೇ" ಅಂತ ಅತ್ತೆ ಅಲ್ಲೇ ಗದರಿದರು.